ಹೈಸ್ಕೂಲ್ ಸಮಾಜ ವಿಜ್ಞಾನ: ಪುಸ್ತಕಕ್ಕೆ ನಾಲ್ಕು ಸ್ಟಾರ್, ಟ್ಯೂಷನ್‌ಗೆ ಒಂದೂವರೆ

ಗಣಿತಕ್ಕೆ ಟ್ಯೂಷನ್ ಹಾಕುತ್ತಾರೆ, ವಿಜ್ಞಾನಕ್ಕೆ ಹಾಕುತ್ತಾರೆ, ಅದೆಲ್ಲ ಗೊತ್ತಿರುವುದೇ. ಈಗ ಸಮಾಜ ವಿಜ್ಞಾನಕ್ಕೂ ಬೇರೆ ಟ್ಯೂಷನ್, ಬೇರೆ ಕ್ರ್ಯಾಶ್ ಕೋರ್ಸ್, ಬೇರೆ ಪಿಡಿಎಫ್ ನೋಟ್ಸ್ ಶುರುವಾಗಿದೆ. ಮಗಳು ಸ್ಟೇಟ್ ಸಿಲಬಸ್‌ನಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದಳು. ಅಂದಿನಿಂದ ನಮ್ಮ ಬೀದಿಯಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಸಮಾಜಕ್ಕೂ ಹಾಕಬೇಕಾ? ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಬೇಡ. ಪುಸ್ತಕ ಚೆನ್ನಾಗಿದೆ, ಅದನ್ನೇ ಓದಿಸಿ. ಯಾಕೆ ಬೇಡ, ಪುಸ್ತಕದಲ್ಲಿ ಏನು ಚೆನ್ನಾಗಿದೆ, ಎಲ್ಲಿ ಸೊರಗಿದೆ ಅನ್ನುವುದು ಸ್ವಲ್ಪ ಉದ್ದದ ಕಥೆ.

ಮೊದಲು ಪುಸ್ತಕದ ವಿಷಯ. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮ ರಾಜ್ಯದ ಸಮಾಜ ವಿಜ್ಞಾನ ಅಂದರೆ ಒಂದು ವಿಷಯ ಅಲ್ಲ, ಆರು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಎರಡು ಭಾಗದ ಪುಸ್ತಕ, ಹತ್ತನೇ ತರಗತಿಯಲ್ಲಿ 30ಕ್ಕಿಂತ ಜಾಸ್ತಿ ಪಾಠ. ಇದನ್ನು ನೋಡಿಯೇ ಅರ್ಧ ಅಪ್ಪ ಅಮ್ಮಂದಿರು ಹೆದರಿ ಟ್ಯೂಷನ್ ಬಾಗಿಲು ತಟ್ಟುತ್ತಾರೆ. ಆದರೆ ಒಂದೊಂದೇ ಪಾಠ ತೆಗೆದು ನೋಡಿ, ಹೆಚ್ಚಿನವು ಕೆಲವೇ ಪುಟ. ಬೆಂಗಳೂರಿನಲ್ಲಿ ನಮ್ಮ ಅಕ್ಕನ ಮಗ ಸಿಬಿಎಸ್‌ಇ ಓದುತ್ತಾನೆ. ಅವನಿಗೆ ನಾಲ್ಕು ಬೇರೆ ಬೇರೆ ಪುಸ್ತಕ, ಪಾಠ ಕಮ್ಮಿ, ಆದರೆ ಒಂದೊಂದು ಪಾಠವೂ ಭಾರಿ ಉದ್ದ. ಯುರೋಪಿನಲ್ಲಿ ರಾಷ್ಟ್ರೀಯತೆ ಹುಟ್ಟಿದ್ದು, ಮುದ್ರಣ ಬಂದಮೇಲೆ ಓದುವ ಜನ ಹೆಚ್ಚಿದ್ದು, ಇಂಥದ್ದೆಲ್ಲ ಬಹಳ ಚೆನ್ನಾಗಿ ಕೊಟ್ಟಿದ್ದಾರೆ. ಹಳೇ ವ್ಯಂಗ್ಯಚಿತ್ರಗಳು, ಆ ಕಾಲದವರೇ ಬರೆದ ಕಾಗದದ ತುಣುಕುಗಳು, ಓದಿದರೆ ದೊಡ್ಡವರಿಗೂ ಖುಷಿಯಾಗುತ್ತದೆ. ಆ ಅಂದ ನಮ್ಮ ಪುಸ್ತಕಕ್ಕೆ ಇಲ್ಲ, ಅದನ್ನು ಒಪ್ಪಬೇಕು. ನಮ್ಮದು ಒಂದರ ಹಿಂದೆ ಒಂದು ಪಾಯಿಂಟ್ ಹೇಳಿಕೊಂಡು ಹೋಗುತ್ತದೆ, ಉಸಿರು ಬಿಡಲು ಜಾಗ ಕೊಡುವುದಿಲ್ಲ.

ಆದರೆ ಅಕ್ಕನ ಮಗನ ಹತ್ತನೇ ಕ್ಲಾಸಿನ ಇತಿಹಾಸದಲ್ಲಿ ಸುರಪುರ ಎಲ್ಲಿದೆ ಹೇಳಿ? ಹಲಗಲಿ ಎಲ್ಲಿ? ನಮ್ಮ ಹತ್ತನೇ ಪುಸ್ತಕದಲ್ಲಿ ಬ್ರಿಟಿಷರಿಗೆ ಕರ್ನಾಟಕದಲ್ಲಿ ಎದುರು ನಿಂತವರ ಬಗ್ಗೆಯೇ ಒಂದು ಪೂರ್ತಿ ಪಾಠ ಇದೆ. ನನ್ನ ಪ್ರಕಾರ ಇಡೀ ಇತಿಹಾಸ ಭಾಗದಲ್ಲಿ ಅದೇ ಚಿನ್ನ. ದೋಂಡಿಯಾ ವಾಘ್, ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಸುಳ್ಯದ ಕಡೆಯಿಂದ ಎದ್ದು 1837ರಲ್ಲಿ ಮಂಗಳೂರಿನವರೆಗೆ ಹೋದ ಬಂಡಾಯಗಾರರು, ಸುರಪುರದ ವೆಂಕಟಪ್ಪ ನಾಯಕ, ಆಯುಧ ಒಪ್ಪಿಸುವುದಿಲ್ಲ ಎಂದು ನಿಂತ ಹಲಗಲಿಯ ಬೇಡರು. ಇವರಲ್ಲಿ ರಾಣಿಯೂ ಇದ್ದಾರೆ, ಕೂಲಿ ಸಿಪಾಯಿಯಾಗಿದ್ದವನೂ ಇದ್ದಾನೆ, ರೈತರೂ ಇದ್ದಾರೆ. ಒಬ್ಬೊಬ್ಬರ ಸಿಟ್ಟಿಗೂ ಕಾರಣ ಬೇರೆ ಬೇರೆ. ಒಂದು ಕಡೆ ದತ್ತು, ಒಂದು ಕಡೆ ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂಬ ಒತ್ತಾಯ, ಇನ್ನೊಂದು ಕಡೆ ಆಯುಧ ಕಾಯ್ದೆ. ಈ ಕಾರಣಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಮಗುವಿಗೆ ಇತಿಹಾಸ ತಾನಾಗಿಯೇ ಅರ್ಥವಾಗುತ್ತದೆ. ಉರು ಹೊಡೆಯುವ ಕೆಲಸವೇ ಇರುವುದಿಲ್ಲ.

ಟ್ಯೂಷನ್‌ನವರು ಎಡವಿದ್ದು ಸರಿಯಾಗಿ ಇಲ್ಲೇ. ಹೆಸರು ಹೇಳುವುದಿಲ್ಲ, ನಮ್ಮ ದಾವಣಗೆರೆಯಲ್ಲೇ ಇರುವ ಒಂದು ಸೆಂಟರ್. ಗೆಳತಿಯರೆಲ್ಲ ಹೋಗುತ್ತಾರೆ ಅಂತ ಮಗಳು ಹಟ ಹಿಡಿದಳು, ಸಮಾಜಕ್ಕೆ ಮಾತ್ರ ಅಂತ ಆರು ಸಾವಿರ ಕಟ್ಟಿದೆವು. ಅವರು ಕೊಟ್ಟ ನೋಟ್ಸ್‌ನಲ್ಲಿ ಕಿತ್ತೂರಿನ ಬಗ್ಗೆ ಏನಿತ್ತು ಗೊತ್ತಾ? 'ಡಾಲ್‌ಹೌಸಿಯ ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯಿಂದಾಗಿ ಕಿತ್ತೂರಿನ ಯುದ್ಧ ನಡೆಯಿತು.' ಸ್ವಾಮಿ, ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದೇ 1848ಕ್ಕೆ! ಎರಡೂ ಕಡೆ ದತ್ತು ಅನ್ನುವ ಮಾತು ಬರುತ್ತದೆ, ಅಷ್ಟಕ್ಕೇ ಒಂದಕ್ಕೊಂದು ಗಂಟು ಹಾಕಿಬಿಟ್ಟಿದ್ದಾರೆ. ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪಾಠದಲ್ಲಿ ಸರಿಯಾಗಿಯೇ ಇವೆ. ಮಗಳು ಹೋಗಿ ಕೇಳಿದಳಂತೆ. 'ಆ ಡೀಪ್‌ಗೆ ಹೋಗಬೇಡ, ಮಾರ್ಕ್ಸ್ ಬರುತ್ತೆ' ಅಂದರಂತೆ. ದತ್ತು ವಿಷಯಕ್ಕೆ ಈಸ್ಟ್ ಇಂಡಿಯಾ ಕಂಪನಿಯವರು ಕಿತ್ತೂರಿನ ಜೊತೆ ತಕರಾರು ತೆಗೆದದ್ದು ಡಾಲ್‌ಹೌಸಿಗಿಂತ ಎಷ್ಟೋ ವರ್ಷ ಮೊದಲೇ ಅನ್ನುವುದೇ ಅಲ್ವಾ ಅಲ್ಲಿ ತಿಳಿಯಬೇಕಾದ ಸಂಗತಿ? ಅದನ್ನೇ ಬಿಟ್ಟುಬಿಟ್ಟರೆ ಇನ್ನೇನು ಕಲಿಸಿದಂತಾಯಿತು.

ಟ್ಯೂಷನ್ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ, ದುಡ್ಡು ಕಟ್ಟಿದ್ದೇವಲ್ಲ. ಭಾನುವಾರ ಬೆಳಗ್ಗೆ ಕ್ಲಾಸ್. ಬೆಂಚಿಗೆ ಐದೈದು ಮಕ್ಕಳು. ಪಾಠ ಅಂದರೆ ಪ್ರಶ್ನೆ ಓದುವುದು, ಉತ್ತರ ಓದುವುದು, ಗೆರೆ ಎಳೆಸುವುದು, ಅಷ್ಟೇ. ಟೆಸ್ಟ್ ಮಾಡುತ್ತಿದ್ದರು, ಸರಿ, ಆದರೆ ಪೇಪರ್ ತಿದ್ದಿದ್ದನ್ನು ನೋಡಿದರೆ ಬರೀ ಟಿಕ್. ಮೂರು ಅಂಕದ ಉತ್ತರಕ್ಕೆ ಎರಡು ಯಾಕೆ ಬಂತು ಅಂತ ಒಂದು ಸಾಲು ಇಲ್ಲ. ಸಮಾಜಶಾಸ್ತ್ರ ಬಂದಾಗ 'ಇದು ಮನೆಯಲ್ಲೇ ಓದಿಕೊಳ್ಳಿ, ಕಾಮನ್ ಸೆನ್ಸ್' ಅಂತ ಹೇಳಿ ದಾಟಿಸಿದರು. ವ್ಯವಹಾರ ಅಧ್ಯಯನಕ್ಕೂ ಅದೇ ಗತಿ. ಆದರೂ ಒಂದೂವರೆ ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಒಂದು ಕೆಲಸ ಚೆನ್ನಾಗಿ ಮಾಡಿಸಿದರು: ನಕ್ಷೆ. ಪ್ರತಿ ವಾರ ಭಾರತದ ನಕ್ಷೆ ಬರೆಸಿ ಬರೆಸಿ ಕೈಗೆ ಕೂರಿಸಿದರು. ಮೂರು ಗಂಟೆ ಹದಿನೈದು ನಿಮಿಷವನ್ನು ಹೇಗೆ ಹಂಚಿಕೊಳ್ಳಬೇಕು ಅಂತಲೂ ಹೇಳಿಕೊಟ್ಟರು. ಅದಕ್ಕೆ ಆರು ಸಾವಿರ ಜಾಸ್ತಿಯಾಯಿತು. ಡ್ರಾಯಿಂಗ್ ಹಾಳೆಯ ಒಂದು ಕಟ್ಟು ತಂದುಕೊಟ್ಟಿದ್ದರೆ ಮನೆಯಲ್ಲೇ ಆಗುತ್ತಿತ್ತು.

ನಕ್ಷೆ ಅಂದಮೇಲೆ ಪ್ರಶ್ನೆಪತ್ರಿಕೆಯ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಟ್ಯೂಷನ್‌ನವರು ಮಾರುವುದು ಇದೇ ಲೆಕ್ಕವನ್ನು. ಬರವಣಿಗೆಗೆ 80 ಅಂಕ, ಶಾಲೆಯಲ್ಲೇ ಕೊಡುವ ಇಂಟರ್ನಲ್ಸ್ 20. ಈಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆ. 8 ಆಯ್ಕೆ ಪ್ರಶ್ನೆ, 8 ಒಂದು ಅಂಕದವು, 8 ಎರಡು ಅಂಕದವು, 9 ಮೂರು ಅಂಕದವು, 4 ನಾಲ್ಕು ಅಂಕದವು, ಕೊನೆಗೆ 5 ಅಂಕದ ನಕ್ಷೆ. ಎಲ್ಲ ಕೂಡಿಸಿ ನೋಡಿ, 80 ಆಗುತ್ತದೆ. ಸಿಬಿಎಸ್‌ಇಯಲ್ಲಿ ಅಚ್ಚಾದ ನಕ್ಷೆಯನ್ನೇ ಕೈಗೆ ಕೊಡುತ್ತಾರೆ, ಜಾಗ ಗುರುತಿಸಿದರೆ ಆಯಿತು. ನಮ್ಮಲ್ಲಿ ಮಗುವೇ ಭಾರತದ ಹೊರಗೆರೆ ಬರೆಯಬೇಕು. ಅದಕ್ಕೆ ಒಂದು ಅಂಕ, ಗುರುತಿಸುವುದಕ್ಕೆ ನಾಲ್ಕು. ನನಗೇನೋ ನಮ್ಮದೇ ಒಳ್ಳೆಯದು ಅನಿಸುತ್ತದೆ. ಕಚ್ ಕೊಲ್ಲಿಯ ತಿರುವು, ಗುಜರಾತಿನ ಮೂಗು, ಈಶಾನ್ಯಕ್ಕೆ ಹೋಗುವ ಆ ಸಣ್ಣ ಕುತ್ತಿಗೆ, ಇದನ್ನೆಲ್ಲ ಕೈಯಾರೆ ಬರೆದ ಮಗುವಿಗೆ ದೇಶದ ಆಕಾರ ಮರೆಯುವುದಿಲ್ಲ. ನಮ್ಮ ಅಕ್ಕನ ಮಗ ಕೋಪ ಮಾಡಿಕೊಂಡರೂ ಪರವಾಗಿಲ್ಲ.

ಈ ಪತ್ರಿಕೆಯ ಲೆಕ್ಕಕ್ಕೆ ಟ್ಯೂಷನ್ ಬೇಕಾಗಿಯೇ ಇಲ್ಲ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ, ಹಳೆಯ ಪತ್ರಿಕೆಗಳ ಕೀ ಉತ್ತರವೂ ಸಿಗುತ್ತದೆ. ಎಲ್ಲ ಪುಕ್ಕಟೆ. ಆ ಕೀ ಉತ್ತರ ನೋಡುವುದು ಬಹಳ ಮುಖ್ಯ. ನಾಲ್ಕು ಅಂಕದ ಉತ್ತರಕ್ಕೆ ಅವರು ಎಷ್ಟು ಪಾಯಿಂಟ್ ನೋಡುತ್ತಾರೆ, ಯಾವುದಕ್ಕೆ ಅರ್ಧ ಅಂಕ ಕೊಡುತ್ತಾರೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಪಠ್ಯಪುಸ್ತಕದ ಪಿಡಿಎಫ್ ಪಠ್ಯಪುಸ್ತಕ ಸಂಘದ ಸೈಟಿನಲ್ಲಿ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ನನ್ನ ಮಗಳು ಇಂಗ್ಲಿಷ್ ಮೀಡಿಯಂ. ಆದರೂ ಅರ್ಥವಾಗದ ಪಾಠ ಬಂದಾಗ ಕನ್ನಡದ ಪಿಡಿಎಫ್ ತೆಗೆದು ಓದುತ್ತಿದ್ದಳು, ಅದರಲ್ಲೂ ರಾಜ್ಯಶಾಸ್ತ್ರಕ್ಕೆ. ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೋ ಬರುತ್ತದೆ. ಅದರಲ್ಲಿ ಭೂಗೋಳದ್ದು ನೋಡಬಹುದು, ಮಿಕ್ಕ ಕೆಲವು ಸುಮ್ನೆ ಪುಸ್ತಕವನ್ನೇ ಜೋರಾಗಿ ಓದಿದ ಹಾಗಿವೆ.

ಈಗ ಭೂಗೋಳ. ಎಂಟನೇ ತರಗತಿಯಲ್ಲಿ ಶಿಲಾಗೋಳ, ವಾಯುಗೋಳ, ಜಲಗೋಳ. ಒಂಬತ್ತರಲ್ಲಿ ಪೂರ್ತಿ ನಮ್ಮ ಕರ್ನಾಟಕ. ಹತ್ತರಲ್ಲಿ ಭಾರತ. ಈ ಮೂರು ಮೆಟ್ಟಿಲು ಯಾರು ಯೋಚನೆ ಮಾಡಿದರೋ, ಚೆನ್ನಾಗಿದೆ. ಎಷ್ಟೋ ಜನ ಒಂಬತ್ತನೇ ಕ್ಲಾಸನ್ನು ಹತ್ತರ ತಯಾರಿ ಅಂತ ಓಡಿಸಿಬಿಡುತ್ತಾರೆ, ಅಲ್ಲಿರುವ ಕರ್ನಾಟಕವನ್ನು ಸರಿಯಾಗಿ ನೋಡುವುದೇ ಇಲ್ಲ. ಆಗುಂಬೆಯಲ್ಲಿ ಅತಿ ಹೆಚ್ಚು ಮಳೆ, ಚಳ್ಳಕೆರೆ ಹತ್ತಿರದ ನಾಯಕನಹಟ್ಟಿಯಲ್ಲಿ ಅತಿ ಕಡಿಮೆ ಮಳೆ, ಇದು ಒಂದು ಅಂಕದ ಪ್ರಶ್ನೆ. ನಾವು ದಾವಣಗೆರೆಯವರು, ಪಶ್ಚಿಮಕ್ಕೆ ಹೊರಟರೆ ಆಗುಂಬೆ, ಪೂರ್ವಕ್ಕೆ ಹೊರಟರೆ ನಾಯಕನಹಟ್ಟಿ, ಎರಡೂ ಒಂದೇ ದಿನ ನೋಡಿ ಬರಬಹುದು. ಅರಬ್ಬೀ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಅಲ್ಲೇ ಸುರಿದುಬಿಡುತ್ತದೆ, ಈಚೆಗೆ ದಾಟಿ ಬರುವಷ್ಟರಲ್ಲಿ ಖಾಲಿ. ಇದನ್ನು ಮಳೆಗಾಲದಲ್ಲಿ ಕಾರಿನ ಕಿಟಕಿಯಲ್ಲಿ ತೋರಿಸಿದರೆ ಮುಗಿಯಿತು, ಪಾಠ ಬೇಡ.

ಭೂಗೋಳದ ಮೇಲೆ ನನ್ನ ದೂರು ಕೈಗಾರಿಕೆ ಪಾಠದ ಬಗ್ಗೆ. ಎಲ್ಲಿ ಏನು ತಯಾರಾಗುತ್ತದೆ ಅಂತ ಪಟ್ಟಿ ಕೊಡುತ್ತಾರೆ, ಅಲ್ಲಿಗೆ ನಿಲ್ಲುತ್ತಾರೆ. ದಾವಣಗೆರೆ ಅಂದರೆ ಕರ್ನಾಟಕದ ಮ್ಯಾಂಚೆಸ್ಟರ್, ಹತ್ತಿ ಗಿರಣಿಗಳ ಊರು ಅಂತ ಮಕ್ಕಳು ಬಾಯಿಪಾಠ ಮಾಡುತ್ತವೆ. ಇಲ್ಲಿಯ ಮಕ್ಕಳಿಗೆ ಗಿರಣಿ ಎಲ್ಲಿ ಕಾಣುತ್ತದೆ? ಹೆಚ್ಚಿನವು ಮುಚ್ಚಿ ಎಷ್ಟೋ ವರ್ಷವಾಯಿತು. ನಮ್ಮ ಊರಿಗೆ ಈಗ ಹೆಸರಿರುವುದು ಬೆಣ್ಣೆ ದೋಸೆಗೆ. ಹತ್ತಿ ಇಲ್ಲಿ ಯಾಕೆ ಬಂತು ಅನ್ನುವುದಕ್ಕೆ ಸುತ್ತಲಿನ ಕಪ್ಪು ಮಣ್ಣು ಅಂತ ಉತ್ತರ ಇದೆ. ಗಿರಣಿ ಯಾಕೆ ಹೋಯಿತು ಅನ್ನುವುದಕ್ಕೂ ನಾಲ್ಕು ಸಾಲು ಬೇಕಿತ್ತು. ನಮ್ಮ ಮನೆಯಲ್ಲಿ ಅದನ್ನು ಹೇಳಿದ್ದು ಮಗಳ ಅಜ್ಜ, ಗಿರಣಿಯ ಸೈರನ್‌ಗೆ ಊರೇ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಕಾಲದವರು. ಇಂಟರ್ನಲ್ಸ್ ಪ್ರಾಜೆಕ್ಟಿಗೆ ಅದನ್ನೇ ಬರೆ ಅಂದೆ. ಅವಳ ಶಾಲೆಯ ಸಮಾಜ ಮೇಷ್ಟ್ರು ಬಹಳ ಮೆಚ್ಚಿದರು. ಪುಣ್ಯಕ್ಕೆ ಆ ಮೇಷ್ಟ್ರು ಒಳ್ಳೆಯವರು, ಹರಿಹರಕ್ಕೆ ಕರೆದುಕೊಂಡು ಹೋಗಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನದ ಶಾಸನಗಳ ಮುಂದೆ ನಿಲ್ಲಿಸಿಯೇ ಪಾಠ ಮಾಡಿದವರು. ಎಲ್ಲ ಕಡೆ ಹೀಗಿರುವುದಿಲ್ಲ ಅನ್ನುವುದು ಗೊತ್ತು. ಇಂಟರ್ನೆಟ್‌ನಿಂದ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಮಾಡಿಸಿದ ಪ್ರಾಜೆಕ್ಟುಗಳಿಗೂ ಪೂರ್ತಿ ಅಂಕ ಬೀಳುವುದನ್ನು ನೋಡಿದ್ದೇನೆ.

ನನಗೆ ಅತಿ ಹೆಚ್ಚು ಇಷ್ಟವಾದದ್ದು, ಟ್ಯೂಷನ್‌ನವರು ಕಾಮನ್ ಸೆನ್ಸ್ ಅಂತ ಬಿಟ್ಟ ಆ ಸಮಾಜಶಾಸ್ತ್ರ. ಸಾಮೂಹಿಕ ವರ್ತನೆ ಮತ್ತು ಪ್ರತಿಭಟನೆ ಅನ್ನುವ ಪಾಠ ಓದಿ ನೋಡಿ. ಉತ್ತರಾಖಂಡದ ಚಿಪ್ಕೋ, ಅದರ ಜಾಡು ಹಿಡಿದು 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ, ನರ್ಮದಾ, ಮೌನ ಕಣಿವೆ, ಕೈಗಾ ಹೋರಾಟಗಳು. ಮರ ಕಡಿಯಲು ಬಂದವರ ಮುಂದೆ ಹೋಗಿ ಮರವನ್ನೇ ಅಪ್ಪಿಕೊಂಡು ನಿಂತವರು ನಮ್ಮದೇ ಪಕ್ಕದ ಜಿಲ್ಲೆಗಳ ಹಳ್ಳಿಯ ಜನ. ಹದಿನೈದು ವರ್ಷದ ಮಗುವಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಜಾತಿ, ಅಸ್ಪೃಶ್ಯತೆ, ಕೂಲಿ ಇಲ್ಲದ ದುಡಿಮೆ, ಬಾಲ್ಯವಿವಾಹ, ವರದಕ್ಷಿಣೆ, ಎಲ್ಲ ಇದೆ. ಮನೆಯಲ್ಲಿ ಅಡುಗೆ ಮಾಡುವುದು ದುಡಿಮೆಯಾ ಅಲ್ವಾ ಅಂತ ನಮ್ಮ ಮನೆಯಲ್ಲಿ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಜಗಳವೇ ಆಯಿತು. ಮಗಳು ಪುಸ್ತಕ ತಂದು ತೋರಿಸಿ ಅವರಪ್ಪನ ಬಾಯಿ ಮುಚ್ಚಿಸಿದಳು. ಪಾಠದ ಕೊರತೆ ಏನೆಂದರೆ ಭಾಷೆ ಸ್ವಲ್ಪ ಒಣ, ಸ್ತರವಿನ್ಯಾಸ (ಅಂದರೆ ಸಮಾಜದ ಮೇಲು ಕೀಳಿನ ಮೆಟ್ಟಿಲು) ಗಿರವಿನ್ಯಾಸ ಅಂತೆಲ್ಲ ಶುರುವಿನಲ್ಲೇ ಹೆದರಿಸುತ್ತದೆ. ಮೊದಲ ಪುಟ ದಾಟಿಸಿದರೆ ಆಮೇಲೆ ಸಲೀಸು.

ವ್ಯವಹಾರ ಅಧ್ಯಯನದ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡಬಹುದು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ಶಿಕ್ಷಣ. ಸಿಬಿಎಸ್‌ಇಯ ಹತ್ತನೇ ಕ್ಲಾಸಿನಲ್ಲಿ ಇದು ಬೇರೆ ಭಾಗವಾಗಿ ಇಲ್ಲ. ಉಳಿತಾಯ ಖಾತೆ, ಚಾಲ್ತಿ ಖಾತೆ, ಆವರ್ತ ಠೇವಣಿ, ನಿಶ್ಚಿತ ಠೇವಣಿ, ಇವುಗಳ ವ್ಯತ್ಯಾಸ ಹತ್ತನೇ ಕ್ಲಾಸಿಗೇ ಹೇಳಿಕೊಡುವುದು ಒಳ್ಳೆಯದೇ. ಡಿಗ್ರಿ ಮುಗಿಸಿ ನಮ್ಮ ಕೌಂಟರಿಗೆ ಬರುವ ಎಷ್ಟೋ ಹುಡುಗರಿಗೆ ಚಲನ್ ತುಂಬಲು ಬರುವುದಿಲ್ಲ, ನಾಮಿನಿ ಅಂದರೆ ಏನು ಅಂತ ಕೇಳುತ್ತಾರೆ. ಆದರೆ ಪಾಠದಲ್ಲಿ ಆತ್ಮ ಇಲ್ಲ. ವ್ಯಾಖ್ಯೆ, ವಿಧಗಳು, ಅನುಕೂಲಗಳು, ಮುಗಿಯಿತು. ನಮ್ಮ ಕರಾವಳಿಯಲ್ಲಿ 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್‌ನವರು ಪಿಗ್ಮಿ ಅಂತ ಮನೆಮನೆಗೆ ಹೋಗಿ ದಿನದ ಚಿಲ್ಲರೆ ಕಾಸು ಕೂಡಿಸಿದ್ದು, ಇದೆಲ್ಲ ಕಥೆಯ ಹಾಗೆ ಹೇಳಬಹುದಾದ ಸಂಗತಿ. ಮನೆಯಲ್ಲಿ ನಾನೇ ಹೇಳಿದೆ. ಆಮೇಲೆ ಅವಳ ಹೆಸರಿನಲ್ಲಿ ಒಂದು ಆರ್‌ಡಿ ಮಾಡಿಸಿ ಫಾರಂ ಅವಳ ಕೈಯಲ್ಲೇ ತುಂಬಿಸಿದೆ. ಆ ಪಾಠವನ್ನು ಮತ್ತೆ ಓದಿಸುವ ಕೆಲಸ ಬೀಳಲಿಲ್ಲ.

ಅರ್ಥಶಾಸ್ತ್ರ ಪರವಾಗಿಲ್ಲ. ಗ್ರಾಮೀಣಾಭಿವೃದ್ಧಿ ಪಾಠ ಓದುವಾಗ ಹಳ್ಳಿಯಲ್ಲಿ ಅಜ್ಜಿ ಅಥವಾ ಚಿಕ್ಕಮ್ಮ ಯಾರಾದರೂ ಸ್ವಸಹಾಯ ಸಂಘದಲ್ಲಿದ್ದರೆ ಅವರ ಲೆಕ್ಕದ ಪುಸ್ತಕ ತೋರಿಸಿ, ಸಾಕು. ರಾಜ್ಯಶಾಸ್ತ್ರದಲ್ಲಿ ವಿದೇಶಾಂಗ ನೀತಿ, ವಿಶ್ವಸಂಸ್ಥೆ ಎಲ್ಲ ಬೇಜಾರಿನ ಪಾಠಗಳೇ, ಬಾಯಿಪಾಠ ಬಿಟ್ಟು ಬೇರೆ ದಾರಿ ನನಗೂ ಕಾಣಲಿಲ್ಲ.

ಗೈಡ್ ಕೊಳ್ಳುವವರಿಗೆ ಒಂದು ಮಾತು. ಅಣ್ಣನ ಮಗಂದು, ಪಕ್ಕದ ಮನೆಯವರದ್ದು ಅಂತ ಹಳೇ ಗೈಡ್ ತಂದು ಓದಿಸುವ ರೂಢಿ ನಮ್ಮಲ್ಲಿ ಇದೆಯಲ್ಲ, ಗಣಿತಕ್ಕಾದರೆ ನಡೆಯುತ್ತದೆ, ಸಮಾಜಕ್ಕೆ ಬೇಡವೇ ಬೇಡ. ನಮ್ಮ ಸಮಾಜ ಪುಸ್ತಕ 2017ರಲ್ಲಿ ಬದಲಾಯಿತು, 2022ರಲ್ಲಿ ದೊಡ್ಡ ಗಲಾಟೆಯ ನಡುವೆ ಮತ್ತೆ ಬದಲಾಯಿತು, 2023ರಲ್ಲಿ ಸರ್ಕಾರ ಬದಲಾದಮೇಲೆ ಮತ್ತೊಂದಿಷ್ಟು ತೆಗೆದು ಮತ್ತೊಂದಿಷ್ಟು ಸೇರಿಸಿದರು. ಯಾರು ಸರಿ ಅನ್ನುವ ಜಗಳ ಇಲ್ಲಿ ಬೇಡ, ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುವುದು ಮಕ್ಕಳು. ಪುಸ್ತಕದ ಜೊತೆ ಜಗತ್ತೂ ಬದಲಾಗಿದೆ. ಹಳೇ ಗೈಡಿನಲ್ಲಿ 29 ರಾಜ್ಯ ಇರುತ್ತದೆ, ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ಕರ್ನಾಟಕದಲ್ಲಿ 30 ಜಿಲ್ಲೆ ಅಂತಿರುತ್ತದೆ, 2021ರಲ್ಲಿ ವಿಜಯನಗರ ಸೇರಿ 31 ಆಗಿದೆ. ಗ್ರಾಹಕರ ಕಾಯ್ದೆ ಅಂದರೆ 1986ರದ್ದು ಅಂತಿರುತ್ತದೆ, ಅದರ ಜಾಗಕ್ಕೆ 2019ರ ಕಾಯ್ದೆ ಬಂದಿದೆ. ಬ್ಯಾಂಕುಗಳ ಪಟ್ಟಿಯಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಇನ್ನೂ ಬೇರೆ ಬೇರೆ ಇರುತ್ತವೆ, 2019 ಮತ್ತು 2020ರಲ್ಲಿ ಮೂರೂ ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋಗಿವೆ. ಪರೀಕ್ಷೆಯಲ್ಲಿ ಮಾತ್ರ ಮಗುವಿನ ಕೈಯಲ್ಲಿರುವ ಈ ವರ್ಷದ ಪುಸ್ತಕ ಏನು ಹೇಳುತ್ತದೋ ಅದನ್ನೇ ಬರೆಯಿಸಿ, ಅನುಮಾನ ಬಂದರೆ ಮೇಷ್ಟ್ರನ್ನು ಕೇಳಿ.

ಟ್ಯೂಷನ್ ಯಾರಿಗೂ ಬೇಡವೇ ಅಂದರೆ, ಹಾಗೇನಿಲ್ಲ. ಓದಲು ಬರೆಯಲು ಕಷ್ಟಪಡುವ ಮಗು, ಮನೆಯಲ್ಲಿ ಪಕ್ಕ ಕೂರುವವರು ಯಾರೂ ಇಲ್ಲ ಅನ್ನುವಂಥ ಮನೆ, ಅಲ್ಲಿ ಯಾರಾದರೂ ಕೂರಿಸಿ ಓದಿಸಬೇಕು. ಅಂಥ ಮಕ್ಕಳಿಗೆ ಶಾಲೆಯ ಮೇಷ್ಟ್ರುಗಳೇ ಮಾಡಿಕೊಡುವ ಪಾಸಿಂಗ್ ಪ್ಯಾಕೇಜ್ ಇದೆ. ನಕ್ಷೆ, ಒಂದು ಅಂಕದ ಪ್ರಶ್ನೆಗಳು, ಪದೇ ಪದೇ ಬರುವ ಪಾಠಗಳು, ಇಷ್ಟನ್ನು ಗಟ್ಟಿ ಮಾಡಿಸಿ ದಡ ಸೇರಿಸುತ್ತಾರೆ. ಅದು ಪುಕ್ಕಟೆ, ಆರು ಸಾವಿರದ ನೋಟ್ಸಿಗಿಂತ ಮೇಲು. ಒಮ್ಮೆ ಅಂಕ ಕಮ್ಮಿ ಬಂದರೂ ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಡಿಸೆಂಬರ್ ಬಂದ ಕೂಡಲೇ ಟ್ಯೂಷನ್‌ನವರು ಕರಪತ್ರ ಹಂಚಿ ಹುಟ್ಟಿಸುವ ಗಾಬರಿಗೆ ಅಷ್ಟೊಂದು ಕಾರಣ ಇಲ್ಲ.

ಟ್ಯೂಷನ್ ದುಡ್ಡು ಉಳಿಸಿದವರು ಒಂದು ಒಳ್ಳೆಯ ಅಟ್ಲಾಸ್ ಕೊಳ್ಳಿ. ಅಂಗಡಿಯಲ್ಲೇ ಬಿಚ್ಚಿ ಲಡಾಖ್ ಬೇರೆ ಬಣ್ಣದಲ್ಲಿದೆಯಾ, ತೆಲಂಗಾಣ ಬೇರೆ ಇದೆಯಾ, ಹೊಸಪೇಟೆ ವಿಜಯನಗರ ಜಿಲ್ಲೆಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಹಳೇ ಸ್ಟಾಕ್, ವಾಪಸ್ ಕೊಟ್ಟು ಬೇರೆ ಕೇಳಿ.